ಮೂವತ್ತೆಂಟು ಮೆಟ್ಟಿಲ ಕೆಳಗಿನ ಮನೆ

2023ರ ವಿಧಾನಸಭಾ ಚುನಾವಣೆಗೆ ಇನ್ನೂ ಕೆಲವು ದಿನ ಇರುವಾಗ ಒಂದು ಮಧ್ಯಾಹ್ನ ನಮ್ಮ ರಸ್ತೆಯ ತುದಿಯಲ್ಲಿ ಜೀಪೊಂದು ಬಂದು ನಿಂತಿತು. ಇಳಿದವರು ಇಬ್ಬರು ಮತಗಟ್ಟೆ ಅಧಿಕಾರಿಗಳು, ಒಬ್ಬ ಪೊಲೀಸು, ಹೆಗಲಲ್ಲಿ ಕ್ಯಾಮೆರಾ ನೇತುಹಾಕಿಕೊಂಡ ಒಬ್ಬ ಹುಡುಗ. ಅವರು ಹೋಗಬೇಕಿದ್ದದ್ದು ನಮ್ಮ ನೆರೆಮನೆಗೆ. ನೆರೆಮನೆ ಎಂದರೆ ಪಕ್ಕದ ಮನೆಯಲ್ಲ, ಕೆಳಗಿನ ಮನೆ. ಮಂಗಳೂರಿನ ಗುಡ್ಡೆಯ ಬದಿಯಲ್ಲಿ ಬದುಕುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಸ್ತೆ ಮೇಲೆ, ಮನೆ ಕೆಳಗೆ, ನಡುವೆ ಮುರಕಲ್ಲಿನ ಮೂವತ್ತೆಂಟು ಮೆಟ್ಟಿಲು. ಮಳೆಗಾಲದಲ್ಲಿ ಅದರ ಮೇಲೆ ಹಸಿರು ಪಾಚಿ. ಕೆಳಗೆ ಎಂಬತ್ತನಾಲ್ಕು ದಾಟಿದ ದೊಡ್ಡಮ್ಮ ಒಬ್ಬರೇ ಇದ್ದಾರೆ. ವಯಸ್ಸಿದ್ದಾಗ ಬೀಡಿ ಕಟ್ಟಿದವರು. ಈಗ ಬೀಡಿಯ ಪಿಎಫ್ ಪಿಂಚಣಿ ಬರುತ್ತದೆ, ಮಗ ಮಸ್ಕತ್ತಿನಿಂದ ಒಂದಿಷ್ಟು ಕಳಿಸುತ್ತಾನೆ.

ಬಂದವರು ಜಗಲಿಯಲ್ಲಿ ರಟ್ಟಿನ ಮರೆ ನಿಲ್ಲಿಸಿ, ಅಂಚೆ ಮತಪತ್ರ ಕೊಟ್ಟು, ಲಕೋಟೆಗೆ ಅಂಟು ಹಾಕಿಸಿ, ಎಲ್ಲವನ್ನೂ ವಿಡಿಯೊ ಮಾಡಿಕೊಂಡರು. ಹೊರಡುವಾಗ ದೊಡ್ಡಮ್ಮ ಒಳಗಿನಿಂದ ಒಂದು ಕಾಗದ ತಂದು ಅಧಿಕಾರಿಯ ಕೈಗಿಟ್ಟರು. ಪಿಂಚಣಿಗಾಗಿ ವರ್ಷಕ್ಕೊಮ್ಮೆ ಕೊಡಬೇಕಾದ ಜೀವಿತ ಪ್ರಮಾಣಪತ್ರದ ನಮೂನೆ ಅದು. ‘ದೊಡ್ಡಮ್ಮ, ಇದು ನಮ್ಮದಲ್ಲ, ಬೇರೆ ಇಲಾಖೆ’ ಎಂದು ಆತ ನಕ್ಕ. ‘ನಾನು ಬದುಕಿದ್ದೇನೆ ಅಂತ ನೀವೇ ನೋಡಿದ್ರಲ್ಲ ಮಗಾ? ವಿಡಿಯೊ ಸಹ ಮಾಡಿದ್ದೀರಿ’ ಎಂದರು ದೊಡ್ಡಮ್ಮ.

ಆ ಮಾತಿಗೆ ಅವತ್ತು ಎಲ್ಲರೂ ನಕ್ಕೆವು. ನನಗೆ ಮಾತ್ರ ಅದು ತಲೆಯಿಂದ ಹೋಗಲಿಲ್ಲ. ಆ ವರ್ಷ ಕರ್ನಾಟಕದಲ್ಲಿ ಮೊದಲ ಸಲ 80 ದಾಟಿದವರಿಗೂ ಶೇ 40 ಅಥವಾ ಹೆಚ್ಚು ಅಂಗವೈಕಲ್ಯ ಇರುವವರಿಗೂ ಮನೆಯಿಂದಲೇ ಮತ ಹಾಕುವ ಅವಕಾಶ ಸಿಕ್ಕಿತ್ತು. 12–ಡಿ ನಮೂನೆ ತುಂಬಿ ಕೊಟ್ಟರೆ ಸಾಕಿತ್ತು. (2024ರ ಲೋಕಸಭಾ ಚುನಾವಣೆಗೆ ವಯಸ್ಸಿನ ಮಿತಿ 85ಕ್ಕೆ ಏರಿತು.) ಅಂದರೆ ಒಂದು ಮತಕ್ಕಾಗಿ ನಾಲ್ಕು ಜನ ಮೂವತ್ತೆಂಟು ಮೆಟ್ಟಿಲು ಇಳಿದು ಹತ್ತಬಲ್ಲರು. ಹಾಗಿದ್ದರೆ ಉಳಿದ ಕೆಲಸಗಳು ಯಾಕೆ ಇಳಿದು ಬರುವುದಿಲ್ಲ? ಆ ‘ಬೇರೆ ಇಲಾಖೆ’ ಎಂಬುದು ನಮ್ಮ ಊರಿನಲ್ಲಿ ಎಲ್ಲೆಲ್ಲಿದೆ ಎಂದು ಹುಡುಕಿಕೊಂಡು ಹೊರಟೆ.

ಪಾಲಿಕೆ ಇರುವುದು ಲಾಲ್‌ಬಾಗ್‌ನಲ್ಲಿ. ಅಂಗವೈಕಲ್ಯವನ್ನು ಅಳೆಯುವ ವೈದ್ಯರು ಹಂಪನಕಟ್ಟೆಯ ವೆನ್ಲಾಕ್ ಜಿಲ್ಲಾಸ್ಪತ್ರೆಯಲ್ಲಿ. ವೃದ್ಧಾಪ್ಯ ವೇತನ, ಅಂಗವಿಕಲ ವೇತನ ಎರಡೂ ಕಂದಾಯ ಇಲಾಖೆಯದ್ದು, ಅರ್ಜಿ ನಾಡಕಚೇರಿಗೆ. ಹಿರಿಯ ನಾಗರಿಕರ ಗುರುತಿನ ಚೀಟಿ ಸೇವಾ ಸಿಂಧುವಿನಲ್ಲಿ. ಗಾಲಿಕುರ್ಚಿ, ಮೂರು ಚಕ್ರದ ಸ್ಕೂಟರಿಗೆ ಒಂದು ಪೂರ್ತಿ ಇಲಾಖೆಯೇ ಇದೆ, ಅದು 1988ರಲ್ಲಿ ಹುಟ್ಟಿದ್ದು, ಈಗಿನ ಹೆಸರು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ. ಬಸ್ ಪಾಸಿಗೆ ಬಿಜೈಯ ಕೆಎಸ್‌ಆರ್‌ಟಿಸಿ. ಇನ್ನು ಡಿಸಿ ಕಚೇರಿ. ಅದು ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣಕ್ಕೆ ಹತ್ತಿರ ಇದ್ದಷ್ಟು ಕಾಲ ಊರಿನ ಯಾವ ಮೂಲೆಯಿಂದಲೂ ಒಂದೇ ಬಸ್ಸಿನಲ್ಲಿ ಬಂದು ಮುಟ್ಟಬಹುದಿತ್ತು, ಏಕೆಂದರೆ ಹೆಚ್ಚುಕಡಿಮೆ ಎಲ್ಲ ಸಿಟಿ ಬಸ್ಸುಗಳೂ ಕೊನೆಗೆ ಅಲ್ಲಿಗೇ ಬರುತ್ತವೆ. 2025ರ ಮೇ ತಿಂಗಳಲ್ಲಿ ಪಡೀಲಿನ ಹೊಸ ‘ಪ್ರಜಾಸೌಧ’ ಉದ್ಘಾಟನೆ ಆಯಿತು. ಕಟ್ಟಡ ದೊಡ್ಡದು, ಬೇಕಾಗಿಯೂ ಇತ್ತು. ಆದರೆ ಉರ್ವ, ಕುದ್ರೋಳಿ, ಬೋಳಾರದ ಕಡೆಯ ಮಂಡಿನೋವಿನವರಿಗೆ ಒಂದು ಬಸ್ಸಿನ ಜಾಗದಲ್ಲಿ ಎರಡು ಬಸ್ಸಾಯಿತು.

ಇಷ್ಟೆಲ್ಲ ಕಚೇರಿಗಳಲ್ಲಿ ‘ಸ್ಥಳೀಯ’ ಎನ್ನಬಹುದಾದದ್ದು ಪಾಲಿಕೆ ಒಂದೇ. 1866ರಲ್ಲಿ ಪುರಸಭೆಯಾಗಿ ಹುಟ್ಟಿ, 1980ರಲ್ಲಿ ಮಹಾನಗರ ಪಾಲಿಕೆಯಾದ ಸಂಸ್ಥೆ ಇದು. ಸಂವಿಧಾನದ 74ನೇ ತಿದ್ದುಪಡಿ ಮಾಡಿದಾಗ ನಗರಾಡಳಿತಗಳಿಗೆ ವಹಿಸಬಹುದಾದ 18 ವಿಷಯಗಳ ಒಂದು ಪಟ್ಟಿ ಸೇರಿಸಿದರು, 12ನೇ ಪರಿಶಿಷ್ಟ ಎನ್ನುತ್ತಾರೆ. ಅದರ 9ನೆಯದು ದುರ್ಬಲ ವರ್ಗಗಳ ಹಿತರಕ್ಷಣೆ. ಅಂಗವೈಕಲ್ಯ ಇರುವವರ ಹೆಸರು ಅಲ್ಲಿ ಬಿಡಿಸಿ ಹೇಳಿದೆ. ವಯಸ್ಸಾದವರ ಹೆಸರು ಇಲ್ಲ. 1992ರಲ್ಲಿ ಮುದುಕರನ್ನು ಮನೆಯವರು ನೋಡಿಕೊಳ್ಳುತ್ತಾರೆ ಎಂದೇ ಎಲ್ಲರೂ ನಂಬಿದ್ದಿರಬೇಕು. ದಕ್ಷಿಣ ಕನ್ನಡದಲ್ಲಿ ಆ ನಂಬಿಕೆ ಆಗಲೇ ಸಡಿಲಾಗಿತ್ತು. ಮುಂಬಯಿ, ಆಮೇಲೆ ಗಲ್ಫ್, ಆಮೇಲೆ ಬೆಂಗಳೂರು ಎಂದು ಮಕ್ಕಳು ಹೊರಟುಹೋಗಿ, ದೊಡ್ಡ ದೊಡ್ಡ ತಾರಸಿ ಮನೆಗಳಲ್ಲಿ ಇಬ್ಬಿಬ್ಬರೇ ಉಳಿಯುವುದು ಇಲ್ಲಿ ಹೊಸತಲ್ಲ.

ಪಾಲಿಕೆಯ ಕೈಯಲ್ಲಿ ಇರುವ ಹತ್ಯಾರು ಒಂದೇ: ಶೇ 5. ಕರ್ನಾಟಕದ ನಗರಾಡಳಿತಗಳು ಸ್ವಂತ ಆದಾಯದಲ್ಲಿ ಪರಿಶಿಷ್ಟ ಜಾತಿ, ಪಂಗಡಗಳಿಗೆ ಶೇ 24.10, ಇತರ ಬಡವರಿಗೆ ಶೇ 7.25 ತೆಗೆದಿಡುವಂತೆಯೇ ಅಂಗವಿಕಲರಿಗೆ ಶೇ 5 ತೆಗೆದಿಡಬೇಕು. ಹಿಂದೆ ಅದು ಶೇ 3 ಇತ್ತು, ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಬಂದ ಮೇಲೆ ಏರಿತು. ನೀವು ಕಟ್ಟುವ ಮನೆ ತೆರಿಗೆಯ ಒಂದು ಚೂರು ಹೀಗೆ ಯಾರದೋ ಶ್ರವಣ ಸಾಧನವಾಗಿಯೋ ಸ್ಕೂಟರಾಗಿಯೋ ಬದಲಾಗುತ್ತದೆ. ವರ್ಷಕ್ಕೊಮ್ಮೆ ಪ್ರಕಟಣೆ, ಅರ್ಜಿ, ಆಯ್ಕೆ, ಕೊನೆಗೆ ಅತಿಥಿಗಳು ಕೀಲಿಕೈ ಹಸ್ತಾಂತರಿಸುವ ಫೋಟೊ. ರಾಜ್ಯದ ಎಲ್ಲ ಊರುಗಳಲ್ಲೂ ಈ ಫೋಟೊ ಒಂದೇ ಥರ ಇರುತ್ತದೆ. ಸ್ಕೂಟರು ಸಿಕ್ಕವನ ಬದುಕು ನಿಜವಾಗಿಯೂ ಬದಲಾಗುತ್ತದೆ, ಅದನ್ನು ಹಗುರ ಮಾಡಬಾರದು. ಆದರೆ ಆ ದುಡ್ಡು ವಸ್ತುವಾಗಿ ಕೈಸೇರುವುದು ಹೆಚ್ಚು, ಸೇವೆಯಾಗಿ ಮನೆ ಸೇರುವುದು ಕಡಿಮೆ. ವಸ್ತುವಿಗೆ ಬಿಲ್ಲು ಸಿಗುತ್ತದೆ, ಲೆಕ್ಕಪರಿಶೋಧನೆ ಸುಲಭ. ವಾರಕ್ಕೊಮ್ಮೆ ಮನೆಗೆ ಬಂದು ಕೈಕಾಲು ಆಡಿಸಿ ಹೋಗುವ ಫಿಸಿಯೋಥೆರಪಿಸ್ಟಿಗೆ ಸ್ಟಾಕ್ ರಿಜಿಸ್ಟರಿನಲ್ಲಿ ಕಾಲಂ ಇಲ್ಲ.

ಹಾಗೆಂದು ಪಾಲಿಕೆ ಮನೆಗೆ ಬರುವುದೇ ಇಲ್ಲ ಎನ್ನುವಂತಿಲ್ಲ. ಕಸದ ಗಾಡಿ ದಿನಾ ಬರುತ್ತದೆ. ನೀರಿನ ಮೀಟರು ಓದುವವ ಆ ಮೂವತ್ತೆಂಟು ಮೆಟ್ಟಿಲನ್ನೂ ಇಳಿಯುತ್ತಾನೆ.

ಈಗ ಮೆಟ್ಟಿಲಿನ ಲೆಕ್ಕ. ಅಂಗವಿಕಲರಿಗೆ ಅನುಕೂಲವಾಗುವ ಕಟ್ಟಡಗಳಿಗೆ ಸರ್ಕಾರದ ಮಾರ್ಗಸೂಚಿ ಇದೆ: ಇಳಿಜಾರು 1:12 ಇರಬೇಕು. ಒಂದು ಅಡಿ ಎತ್ತರ ಏರಲು ಹನ್ನೆರಡು ಅಡಿ ಉದ್ದ. ಕಚೇರಿಯ ಮುಂದೆ ಆರಿಂಚಿನ ಮೂರು ಮೆಟ್ಟಿಲಿದ್ದರೆ ಹದಿನೆಂಟು ಅಡಿ ಉದ್ದದ ರ‍್ಯಾಂಪ್ ಬೇಕು. ಊರಿನಲ್ಲಿ ಕಾಣುವ ಅರ್ಧಕ್ಕರ್ಧ ರ‍್ಯಾಂಪುಗಳು ಆರು ಅಡಿಯಲ್ಲೇ ಮೇಲೆ ಹತ್ತಿಬಿಡುತ್ತವೆ. ಅವುಗಳಲ್ಲಿ ಗಾಲಿಕುರ್ಚಿ ಹತ್ತಿಸಲು ಹಿಂದಿನಿಂದ ಇಬ್ಬರು ನೂಕಬೇಕು, ಇಳಿಸುವಾಗ ದೇವರೇ ಹಿಡಿಯಬೇಕು. 2017ರ ನಿಯಮಗಳು ಪ್ರಕಟವಾದಂದಿನಿಂದ ಐದು ವರ್ಷದೊಳಗೆ, ಮೊದಲೇ ಇದ್ದ ಸಾರ್ವಜನಿಕ ಕಟ್ಟಡಗಳೆಲ್ಲ ಸರಿಯಾಗಬೇಕು ಎಂದು ಆ 2016ರ ಕಾಯ್ದೆ ಹೇಳಿತ್ತು. ಆ ಗಡುವು 2022ರ ಜೂನಿಗೇ ಮುಗಿಯಿತು.

ಕಚೇರಿಗಳನ್ನು ಸರಿಮಾಡಬಹುದು, ಮಾಡಲೇಬೇಕು. ಮನೆಗಳನ್ನು ಏನು ಮಾಡುವುದು? ದೊಡ್ಡಮ್ಮನ ಮನೆಯ ಮೆಟ್ಟಿಲು ತಲಾ ಆರಿಂಚು ಹಿಡಿದರೆ ಹತ್ತೊಂಬತ್ತು ಅಡಿ ಎತ್ತರ. ಒಂದಕ್ಕೆ ಹನ್ನೆರಡರ ಹಾಗೆ 228 ಅಡಿ ಉದ್ದದ ಇಳಿಜಾರು ಬೇಕು. ಅಷ್ಟು ಉದ್ದಕ್ಕೆ ಜಾಗವೇ ಇಲ್ಲ. ಬಾವುಟಗುಡ್ಡೆ, ಕದ್ರಿ, ಪದವು, ಬಿಕರ್ನಕಟ್ಟೆ, ಎಲ್ಲಿ ನೋಡಿದರೂ ಇದೇ ಕಥೆ. ಏರು ತಗ್ಗಿನ ಮೇಲೆ ಬೆಳೆದ ಊರು ನಮ್ಮದು. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಪೇಟೆಯ ಫುಟ್‌ಪಾತ್‌ಗಳಿಗೆ ಹೊಸ ರೂಪ ಬಂತು, ಆದರೆ ಫುಟ್‌ಪಾತ್ ತಲುಪಬೇಕಾದರೆ ಮೊದಲು ಮನೆಯಿಂದ ಮೇಲೆ ಬರಬೇಕಲ್ಲ. ಸಮತಟ್ಟಾದ ಊರಿಗೆ ಬರೆದ ನಿಯಮ ಗುಡ್ಡೆಯ ಊರಿಗೆ ಅರ್ಧ ಮಾತ್ರ ಅನ್ವಯಿಸುತ್ತದೆ. ಇಲ್ಲಿ ಜನ ಸೇವೆಯ ಕಡೆ ಹೋಗುವುದಕ್ಕಿಂತ ಸೇವೆ ಜನರ ಕಡೆ ಇಳಿಯುವುದು ಅಗ್ಗ. ಒಂದು ಕಬ್ಬಿಣದ ಕೈಹಿಡಿಕೆ, ಮಳೆಗಾಲಕ್ಕೆ ಮೊದಲು ಪಾಚಿ ಕೆರೆಯಲು ಒಬ್ಬ ಆಳು: ಎಷ್ಟೋ ಸೊಂಟ ಮುರಿಯುವುದು ಇಷ್ಟರಲ್ಲೇ ತಪ್ಪುತ್ತಿತ್ತು. ಯಾವ ಯೋಜನೆಯಲ್ಲೂ ಕೈಹಿಡಿಕೆ ಎಂಬ ಪದ ನನಗೆ ಕಾಣಲಿಲ್ಲ.

ಪ್ರಮಾಣಪತ್ರದ ವಿಷಯಕ್ಕೆ ಬರೋಣ. 1995ರ ಕಾಯ್ದೆಯಲ್ಲಿ ಅಂಗವೈಕಲ್ಯ ಎಂದರೆ ಏಳು ಬಗೆ. 2016ರ ಕಾಯ್ದೆಯಲ್ಲಿ ಅದು ಇಪ್ಪತ್ತೊಂದಾಯಿತು. ಪಾರ್ಕಿನ್ಸನ್, ಆ್ಯಸಿಡ್ ದಾಳಿಗೆ ತುತ್ತಾದವರು, ತಲಸ್ಸೇಮಿಯಾ, ಕಲಿಕೆಯ ನ್ಯೂನತೆ ಎಲ್ಲವೂ ಒಳಗೆ ಬಂದವು. ಪಾರ್ಕಿನ್ಸನ್ ಸೇರಿದ್ದರ ಅರ್ಥ ದೊಡ್ಡದು. ‘ವಯಸ್ಸಾಯಿತು, ಕೈ ನಡುಗುತ್ತದೆ’ ಎಂದು ಮನೆಯವರು ಸುಮ್ಮನಾಗುವ ಎಷ್ಟೋ ಹಿರಿಯರು ಕಾನೂನಿನ ಪ್ರಕಾರ ಅಂಗವೈಕಲ್ಯದ ಸೌಲಭ್ಯಕ್ಕೂ ಅರ್ಹರು. ಹಿರಿಯರು, ಅಂಗವಿಕಲರು ಬೇರೆ ಬೇರೆ ಜನವರ್ಗ ಎಂದು ನಾವು ತಿಳಿದಿರುವುದೇ ತಪ್ಪು, ಬಹಳ ಸಲ ಒಬ್ಬರೇ ಎರಡೂ ಆಗಿರುತ್ತಾರೆ. ಯುಡಿಐಡಿ ಎಂಬ ದೇಶವ್ಯಾಪಿ ಗುರುತಿನ ಚೀಟಿಗೆ ಅರ್ಜಿ ಆನ್‌ಲೈನಿನಲ್ಲಿ ಹಾಕಬಹುದು, ಅಳೆಯಿಸಿಕೊಳ್ಳಲು ಮಾತ್ರ ಆಸ್ಪತ್ರೆಗೆ ಹೋಗಲೇಬೇಕು. ಶೇ 40 ಎಂಬುದು ಹೊಸಿಲು. ಮೂವತ್ತೆಂಟು ಬಂದರೆ ಹೊರಗೆ, ನಲವತ್ತೆರಡು ಬಂದರೆ ಒಳಗೆ.

1848ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕಾಲದಲ್ಲಿ ಶುರುವಾಗಿ, ಆಮೇಲೆ ಮದ್ರಾಸಿನ ಗವರ್ನರ್ ವೆನ್ಲಾಕ್ ಹೆಸರು ಪಡೆದ ನಮ್ಮ ಜಿಲ್ಲಾಸ್ಪತ್ರೆಗೆ ಸುತ್ತಲಿನ ಜಿಲ್ಲೆಗಳಿಂದಲೂ ಗಡಿಯಾಚೆಯ ಕಾಸರಗೋಡಿನಿಂದಲೂ ರೋಗಿಗಳು ಬರುತ್ತಾರೆ. ಅಲ್ಲಿನ ವೈದ್ಯರ ಸಮಯ ಎಷ್ಟು ದುರ್ಲಭ ಎಂದು ಒಮ್ಮೆ ಒಪಿಡಿ ಎದುರು ನಿಂತವರಿಗೆ ಗೊತ್ತು.

ಹೊಸಿಲು ದಾಟಿದರೆ ಸಿಗುವುದೇನು? ಶೇ 40ರಿಂದ 75ರವರೆಗಿನ ಅಂಗವೈಕಲ್ಯಕ್ಕೆ ತಿಂಗಳಿಗೆ 800 ರೂಪಾಯಿ, ಶೇ 75 ಮೀರಿದರೆ 1,400. ಅರವತ್ತೈದು ದಾಟಿದವರ ಸಂಧ್ಯಾ ಸುರಕ್ಷಾ 2007ರಲ್ಲಿ 400 ರೂಪಾಯಿಯೊಂದಿಗೆ ಆರಂಭವಾಗಿ 2021ರಲ್ಲಿ 1,200 ಮುಟ್ಟಿತು. ಕೇಂದ್ರದ ವೃದ್ಧಾಪ್ಯ ವೇತನದ ಪಾಲು 79 ವರ್ಷದವರೆಗೆ ತಿಂಗಳಿಗೆ 200, ಎಂಬತ್ತಾದ ಮೇಲೆ 500. ಆ 200 ಹದಿನೈದು ವರ್ಷಕ್ಕೂ ಹೆಚ್ಚು ಕಾಲದಿಂದ 200 ಆಗಿಯೇ ಇದೆ. ಈ ನಡುವೆ ಬೂತಾಯಿ ಮೀನಿಗೆ ಏನು ರೇಟಾಗಿದೆ ಎಂದು ಮಂಗಳೂರಿನವರಿಗೆ ಹೇಳುವುದು ಬೇಡ. ಈ ವೇತನ ಪಡೆಯಲೂ ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿಯ ಒಳಗಿರಬೇಕು, ಅಂದರೆ ದಿನಕ್ಕೆ ಎಂಬತ್ತೆಂಟು ರೂಪಾಯಿಗಿಂತ ಕಡಿಮೆ. ಸತ್ಯ ಹೇಳಿದರೆ ಯಾರೂ ಅರ್ಹರಲ್ಲದ ಈ ಮಿತಿ ಅರ್ಜಿದಾರರನ್ನೂ ಗ್ರಾಮ ಆಡಳಿತಾಧಿಕಾರಿಯನ್ನೂ ಒಟ್ಟಿಗೆ ಸುಳ್ಳು ಹೇಳಿಸುತ್ತದೆ.

ದುಡ್ಡಿಗಿಂತ ನನಗೆ ಹೆಚ್ಚು ಕಾಡಿದ್ದು ದುಡ್ಡು ಬರುವ ದಾರಿ. ಮೊದಲು ಪಿಂಚಣಿ ಮನಿಯಾರ್ಡರಿನಲ್ಲಿ ಬರುತ್ತಿತ್ತು. ಪೋಸ್ಟ್‌ಮ್ಯಾನ್ ಮನೆಗೆ ಬಂದು ಎಣಿಸಿ ಕೊಡುತ್ತಿದ್ದ, ಚಾ ಕುಡಿಯಲು ಅಂತ ಹತ್ತೋ ಇಪ್ಪತ್ತೋ ಇಟ್ಟುಕೊಳ್ಳುತ್ತಿದ್ದ ಎಂಬ ದೂರೂ ಇತ್ತು. ಆ ಸೋರಿಕೆ ನಿಲ್ಲಿಸಲು ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ ನೇರ ಜಮೆ ಬಂತು. ಸೋರಿಕೆ ನಿಂತದ್ದು ಒಳ್ಳೆಯದೇ. ಜತೆಗೆ ತಿಂಗಳಿಗೊಮ್ಮೆ ಸರ್ಕಾರದ ಮನುಷ್ಯನೊಬ್ಬ ಮನೆ ಬಾಗಿಲಿಗೆ ಬಂದು, ಅಜ್ಜಿ ಹೇಗಿದ್ದಾರೆ ಎಂದು ಕಣ್ಣಾರೆ ನೋಡಿ ಹೋಗುತ್ತಿದ್ದದ್ದೂ ನಿಂತಿತು. ಅದಕ್ಕೆ ಯಾರೂ ಬೆಲೆ ಕಟ್ಟಿರಲಿಲ್ಲ. ಈಗ ಅಜ್ಜಿಯೇ ಬ್ಯಾಂಕಿಗೆ ಹೋಗಬೇಕು, ಬೆರಳು ಒತ್ತಬೇಕು. ಐವತ್ತು ವರ್ಷ ಕತ್ತರಿ ಹಿಡಿದು ಬೀಡಿ ಎಲೆ ಕತ್ತರಿಸಿದ ಬೆರಳಿನಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? ಯಂತ್ರಕ್ಕೆ ದೊಡ್ಡಮ್ಮನ ಹೆಬ್ಬೆಟ್ಟು ಗುರುತು ಸಿಗುವುದಿಲ್ಲ. ಇತ್ತೀಚೆಗೆ ಮುಖ ನೋಡಿ ಗುರುತಿಸುವ ವ್ಯವಸ್ಥೆ ಬಂದ ಮೇಲೆ ಸ್ವಲ್ಪ ಸುಧಾರಿಸಿದೆ. ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕಿನವರು ಮನೆಗೇ ಬಂದು ಜೀವಿತ ಪ್ರಮಾಣಪತ್ರ ಮಾಡಿಕೊಡುತ್ತಾರೆ. ಒಂದು ಸುತ್ತು ಹೊಡೆದು ಮತ್ತೆ ಪೋಸ್ಟ್‌ಮ್ಯಾನ್‌ಗೇ ಬಂದು ನಿಂತೆವು ಎಂದಾಯಿತು.

ಮನೆ ಬಾಗಿಲಿಗೆ ಹೋಗುವ ವಿಚಾರದಲ್ಲಿ ಕರಾವಳಿಯವರು ಯಾರಿಂದಲೂ ಪಾಠ ಕಲಿಯಬೇಕಾಗಿಲ್ಲ ಎಂಬುದೇ ವಿಚಿತ್ರ. ಕೆನರಾ ಬ್ಯಾಂಕ್ (1906), ಕರ್ನಾಟಕ ಬ್ಯಾಂಕ್ (1924), ವಿಜಯಾ ಬ್ಯಾಂಕ್ (1931) ಹುಟ್ಟಿದ್ದು ಈ ಊರಿನಲ್ಲಿ. ಉಡುಪಿಯ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ಬ್ಯಾಂಕಿನ ಏಜೆಂಟ್ ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆ ಎತ್ತಿಕೊಂಡು ಹೋಗುತ್ತಿದ್ದ. ಮೀನು ಮಾರುವವಳಿಂದ, ಹೂ ಕಟ್ಟುವವಳಿಂದ, ಬೀಡಿ ಕಟ್ಟುವವಳಿಂದ. ಬಾಗಿಲಿಗೆ ಹೋಗಿ ದುಡ್ಡು ಎತ್ತುವ ಉಪಾಯ ಕಂಡುಹಿಡಿದ ಸೀಮೆಯಲ್ಲಿ, ಅದೇ ದುಡ್ಡು ಬಾಗಿಲಿಗೆ ತಂದುಕೊಡುವುದು ಅಸಾಧ್ಯ ಎಂದು ಯಾರಾದರೂ ಹೇಳಿದರೆ ನನಗೆ ನಂಬುವುದು ಕಷ್ಟ. 70 ದಾಟಿದವರಿಗೂ ಅಂಗವಿಕಲರಿಗೂ ಮನೆಗೇ ಬಂದು ಬ್ಯಾಂಕ್ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಸೂಚಿಸಿದೆ. ನಿಮ್ಮ ಶಾಖೆಯಲ್ಲಿ ಒಮ್ಮೆ ಕೇಳಿ ನೋಡಿ.

ಬಸ್ಸಿನ ಕಥೆ ಮಂಗಳೂರಿಗೇ ವಿಶೇಷವಾದದ್ದು. ಸರ್ಕಾರಿ ಬಸ್ಸಿನಲ್ಲಿ ಅಂಗವಿಕಲರಿಗೆ 100 ಕಿಲೊಮೀಟರ್ ವ್ಯಾಪ್ತಿಯ ರಿಯಾಯಿತಿ ಪಾಸ್ ಇದೆ. ಅರವತ್ತು ದಾಟಿದವರಿಗೆ ಟಿಕೆಟಿನಲ್ಲಿ ಶೇ 25 ಕಡಿತ ಇದೆ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರು ಟಿಕೆಟಿಗೆ ದುಡ್ಡೇ ಕೊಡಬೇಕಿಲ್ಲ. ಬೆಂಗಳೂರಿನ ಅಜ್ಜಿಗೆ ಇದೆಲ್ಲ ಮನೆ ಹತ್ತಿರದ ನಿಲ್ದಾಣದಲ್ಲೇ ಸಿಗುತ್ತದೆ. ನಮ್ಮ ಊರಿನಲ್ಲಿ ಸಿಟಿ ಬಸ್ಸೆಂದರೆ ಬಹುಪಾಲು ಖಾಸಗಿ. ಕೆಲವು ದಾರಿಗಳಲ್ಲಿ ಜನ ‘ನರ್ಮ್ ಬಸ್’ ಎಂದು ಕರೆಯುವ ಸರ್ಕಾರಿ ಬಸ್ಸು ಓಡಿದರೂ ಅದು ಕಾದು ಹಿಡಿಯುವಂಥದ್ದು. ಹಾಗಾಗಿ ಪಾಸು ಪರ್ಸಿನಲ್ಲಿ, ಅಜ್ಜಿ ಖಾಸಗಿ ಬಸ್ಸಿನಲ್ಲಿ, ಟಿಕೆಟು ಪೂರ್ತಿ.

ಖಾಸಗಿ ಬಸ್ಸಿನವರನ್ನು ಬೈಯುವುದು ಸುಲಭ. ಅವರಿಲ್ಲದಿದ್ದರೆ ಊರು ಒಂದು ದಿನ ನಡೆಯುವುದಿಲ್ಲ. ಎಲ್ಲಿ ಕೈ ತೋರಿಸಿದರೂ ನಿಲ್ಲಿಸುತ್ತಾರೆ, ಪರಿಚಯದ ಹಿರಿಯರನ್ನು ಕಂಡಕ್ಟರೇ ಕೈಹಿಡಿದು ಹತ್ತಿಸುವುದನ್ನು ಎಷ್ಟೋ ಸಲ ನೋಡಿದ್ದೇನೆ. ತೊಂದರೆ ಇರುವುದು ಟೈಮಿಂಗ್‌ನಲ್ಲಿ. ಹಿಂದಿನ ಬಸ್ಸು ಬರುವ ಮೊದಲು ಮುಂದಿನ ನಿಲ್ದಾಣ ಮುಟ್ಟಬೇಕು, ಕಲೆಕ್ಷನ್ ಆಗಬೇಕು. ‘ಬೇಗ ಜಪ್ಪುಲೆ’ (ಬೇಗ ಇಳಿಯಿರಿ), ‘ಪಿರ ಪೋಲೆ’ (ಹಿಂದೆ ಹೋಗಿ) ಎಂಬ ತುಳು ಕೂಗಿನ ನಡುವೆ ಮೊದಲ ಮೆಟ್ಟಿಲು ಮೊಣಕಾಲಿನ ಎತ್ತರಕ್ಕಿರುವ ಬಸ್ಸನ್ನು ಎಂಬತ್ತರ ಕಾಲು ಹತ್ತುವಷ್ಟರಲ್ಲಿ ಡ್ರೈವರು ಗೇರು ಹಾಕಿರುತ್ತಾನೆ. ಪರವಾನಗಿ ಕೊಡುವವರು ಸರ್ಕಾರವೇ. ಪರವಾನಗಿಯ ಜತೆ ಮೆಟ್ಟಿಲಿನ ಎತ್ತರವನ್ನೂ, ಹತ್ತಲು ಇಳಿಯಲು ಬೇಕಾದ ಅರ್ಧ ನಿಮಿಷವನ್ನೂ ಕೇಳುವುದು, ರಿಯಾಯಿತಿಯ ದುಡ್ಡನ್ನು ಬಸ್ಸಿನವರಿಗೆ ತುಂಬಿಕೊಡುವುದು ಆಗದ ಮಾತೇನೂ ಅಲ್ಲ.

ಇಷ್ಟಾದರೂ ಊರು ಹೇಗೆ ನಡೆಯುತ್ತಿದೆ ಎಂದರೆ, ಸರ್ಕಾರ ಬಿಟ್ಟ ಜಾಗವನ್ನು ಬೇರೆಯವರು ತುಂಬಿಕೊಂಡು ಬಂದಿದ್ದಾರೆ. ಜರ್ಮನಿಯ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡಲು ಕೂತರು, ಹತ್ತು ವರ್ಷದಲ್ಲಿ ಕುಷ್ಠರೋಗಿಗಳ ಆಶ್ರಯ ಕಟ್ಟಿದರು. ಜೆಪ್ಪುವಿನ ಸಂತ ಅಂತೋನಿ ಆಶ್ರಮಕ್ಕೂ ನೂರು ವರ್ಷ ಮೀರಿದೆ. ಬುದ್ಧಿಮಾಂದ್ಯ ಮಕ್ಕಳಿಗಾಗಿ ಬೆಂದೂರಿನಲ್ಲಿ ಸಂತ ಆ್ಯಗ್ನೆಸ್ ವಿಶೇಷ ಶಾಲೆ 1970ರಲ್ಲೇ ಆರಂಭವಾಯಿತು. ಶಕ್ತಿನಗರದಲ್ಲಿ ಅಂಥದ್ದೇ ಸಾನಿಧ್ಯ ಶಾಲೆ ಇದೆ. ಸಮಾಜಕಾರ್ಯ ಕಲಿಸಲು 1960ರಲ್ಲಿ ಹುಟ್ಟಿದ ರೋಶನಿ ನಿಲಯದಲ್ಲಿ ಪ್ರಾಂಶುಪಾಲರಾಗಿದ್ದ ಡಾ. ಒಲಿಂಡಾ ಪಿರೇರಾ ನಿವೃತ್ತಿಯ ಮೇಲೆ ಹಿರಿಯರಿಗಾಗಿ ವಿಶ್ವಾಸ್ ಟ್ರಸ್ಟ್ ಕಟ್ಟಿದರು. ತಾವೇ ಹಿರಿಯರಾದ ಮೇಲೆ ಹಿರಿಯರ ಕೆಲಸಕ್ಕೆ ಇಳಿದದ್ದು ದೊಡ್ಡ ಮಾತು. ಈ ಸಂಸ್ಥೆಗಳ ಬಗ್ಗೆ ಹೆಮ್ಮೆಪಡುವುದರ ಜತೆಗೆ ಒಂದು ಅನುಮಾನವೂ ನನ್ನನ್ನು ಬಿಟ್ಟಿಲ್ಲ: ಮಂಗಳೂರಿನಲ್ಲಿ ಧರ್ಮಸಂಸ್ಥೆಗಳು ಇಷ್ಟು ಚೆನ್ನಾಗಿ ಮಾಡಿದ್ದರಿಂದಲೇ ಪಾಲಿಕೆಯನ್ನು ಯಾರೂ ಕೇಳಲಿಲ್ಲವೇ?

ಗಡಿ ದಾಟಿದರೆ ಬೇರೆ ದೃಶ್ಯ. ತಲಪಾಡಿಯಿಂದ ಆಚೆ ಕಾಲಿಟ್ಟರೆ ಮಂಜೇಶ್ವರ. ಅಲ್ಲಿನ ಅಜ್ಜಿಯರೂ ನಮ್ಮ ಹಾಗೆಯೇ ತುಳು, ಕನ್ನಡ ಮಾತಾಡುವವರು, ಅದೇ ಮುರಕಲ್ಲಿನ ಮನೆಗಳು. 1993ರಲ್ಲಿ ಕೋಯಿಕ್ಕೋಡಿನಲ್ಲಿ ಕೆಲವು ವೈದ್ಯರು ನೋವು ನಿವಾರಣೆಗೆಂದು ಶುರು ಮಾಡಿದ ಸಂಘ ಮುಂದೆ ಕೇರಳದ ಉದ್ದಕ್ಕೂ ಹರಡಿ, 2008ರಲ್ಲಿ ಸರ್ಕಾರದ ಪಾಲಿಯೇಟಿವ್ ಆರೈಕೆ ನೀತಿಯಾಯಿತು. ಅದರ ಜೀವಾಳ ಸರಳ. ಪಂಚಾಯಿತಿ, ನಗರಸಭೆ ತನ್ನ ದುಡ್ಡಿನಲ್ಲಿ ಒಬ್ಬ ನರ್ಸನ್ನೂ ಒಂದು ಗಾಡಿಯನ್ನೂ ಇಡುತ್ತದೆ. ಆಕೆ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಹೊರಟು ಹಾಸಿಗೆ ಹಿಡಿದವರ ಮನೆ ಮನೆಗೆ ಹೋಗಿ ಗಾಯ ತೊಳೆದು, ಕೊಳವೆ ಬದಲಿಸಿ, ಮನೆಯವರಿಗೆ ಮಗ್ಗುಲು ಹೊರಳಿಸಲು ಕಲಿಸಿ ಬರುತ್ತಾಳೆ. ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳಿಗೆ ಸ್ಥಳೀಯ ಸಂಸ್ಥೆಗಳೇ ನಡೆಸುವ ‘ಬಡ್ಸ್’ ಶಾಲೆಗಳಿವೆ. ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತವಾದ ಕಾಸರಗೋಡಿನಲ್ಲಿ ಅವು ಮುಖ್ಯವಾದವು. ಕೇರಳದಲ್ಲಿ ಎಲ್ಲ ಸರಿಯಿದೆ ಎಂದು ನಾನು ಹೇಳುತ್ತಿಲ್ಲ, ಅಲ್ಲಿನ ಎಂಡೋ ಸಂತ್ರಸ್ತರ ತಾಯಂದಿರು ಎಷ್ಟು ಸಲ ಧರಣಿ ಕೂತಿದ್ದಾರೆ ಎಂಬುದು ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ಸೇವೆ ಮನೆಗೆ ಹೋಗಬೇಕು ಎಂಬುದು ಮಾತ್ರ ಅಲ್ಲಿ ಸ್ಥಳೀಯಾಡಳಿತದ ತಲೆಗೆ ಹೊಕ್ಕಿದೆ.

ನಮ್ಮ ಜಿಲ್ಲೆಗೂ ಅದು ಪೂರ್ತಿ ಹೊಸತಲ್ಲ. ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಅದೇ ವಿಷದ ಪರಿಣಾಮವಾಗಿ ಬೆಳ್ತಂಗಡಿ, ಪುತ್ತೂರು ಕಡೆ ಎಷ್ಟೋ ಮನೆಗಳಲ್ಲಿ ಮಕ್ಕಳು ಮಲಗಿದಲ್ಲೇ ದೊಡ್ಡವರಾದರು. ಸುಪ್ರೀಂ ಕೋರ್ಟ್ 2011ರಲ್ಲಿ ಎಂಡೋಸಲ್ಫಾನ್ ನಿಷೇಧಿಸಿತು. ಹೋರಾಟ, ಕೋರ್ಟು ಎಲ್ಲ ಆದ ಮೇಲೆ ಕೊಕ್ಕಡ, ಕೊಯಿಲದಲ್ಲಿ ಹಗಲು ಪಾಲನಾ ಕೇಂದ್ರಗಳು ಬಂದವು. ಹಳ್ಳಿಯಲ್ಲಿ ದುರಂತದ ಬೆಲೆ ತೆತ್ತು ಗಳಿಸಿದ ಆ ಅನುಭವ ಲಾಲ್‌ಬಾಗಿನವರೆಗೆ ಬಂದಿಲ್ಲ.

ಇನ್ನೊಂದು ಸೇವೆಯನ್ನು ಇಲ್ಲಿ ಹೇಳಿಬಿಡುತ್ತೇನೆ, ಏಕೆಂದರೆ ಆಸ್ತಿಯ ಊರಿನಲ್ಲಿ ಇದು ಬೇಕಾಗುತ್ತದೆ. ಹೆತ್ತವರ ಪೋಷಣೆಯ 2007ರ ಕಾಯ್ದೆಯ ಪ್ರಕಾರ ಸಹಾಯಕ ಆಯುಕ್ತರ ನ್ಯಾಯಮಂಡಳಿಗೆ ಬಿಳಿಹಾಳೆಯಲ್ಲಿ ಬರೆದುಕೊಟ್ಟರೂ ಅರ್ಜಿಯಾಗುತ್ತದೆ. ವಕೀಲರು ಬೇಡ. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ‘ನೋಡಿಕೊಳ್ಳಬೇಕು’ ಎಂಬ ಷರತ್ತಿನ ಮೇಲೆ ಬರೆದುಕೊಟ್ಟ ದಾನಪತ್ರವನ್ನು ಮಗ ನೋಡಿಕೊಳ್ಳದಿದ್ದರೆ 23ನೇ ಸೆಕ್ಷನ್ ಅಡಿ ರದ್ದು ಮಾಡಿಸಬಹುದು. ಮನೆಯ ಸ್ವಾಧೀನವನ್ನೂ ಮರಳಿ ಕೊಡಿಸುವ ಅಧಿಕಾರ ಮಂಡಳಿಗೆ ಇದೆ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ದಾನಪತ್ರ ಬರೆಯುವ ದಿನ ಸಂಕೋಚ ಬಿಟ್ಟು ಆ ಒಂದು ಸಾಲನ್ನು ಸೇರಿಸಿಕೊಳ್ಳಿ. ನೆರವು ಬೇಕಾದರೆ ಹಿರಿಯರ ಸಹಾಯವಾಣಿ 14567.

ಕೊನೆಗೆ ‘ಮನೆಗೆ ಬರುವವರು ಯಾರು’ ಎಂಬ ಪ್ರಶ್ನೆ. ಕರ್ನಾಟಕ ಇದಕ್ಕೊಂದು ಒಳ್ಳೆಯ ಉತ್ತರವನ್ನು 2007–08ರ ಹೊತ್ತಿಗೇ ಕಂಡುಕೊಂಡಿತ್ತು. ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಕಾರ್ಯಕರ್ತ, ನಗರಗಳಿಗೆ ನಗರ ಪುನರ್ವಸತಿ ಕಾರ್ಯಕರ್ತರು. ಇಲಾಖೆಯ ಮಾತಿನಲ್ಲಿ ವಿಆರ್‌ಡಬ್ಲ್ಯು, ಎಂಆರ್‌ಡಬ್ಲ್ಯು, ಯುಆರ್‌ಡಬ್ಲ್ಯು. ಅಂಗವೈಕಲ್ಯ ಇರುವವರನ್ನೇ ಆರಿಸಿ, ತರಬೇತಿ ಕೊಟ್ಟು, ಗೌರವಧನದ ಮೇಲೆ ಇಟ್ಟುಕೊಳ್ಳುವ ಯೋಜನೆ. ತಾನೇ ಕಚೇರಿ ಅಲೆದು ಕಾಗದ ಮಾಡಿಸಿಕೊಂಡವನಿಗೆ ಇನ್ನೊಬ್ಬನ ಕಾಗದ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಬೇಗ ಗೊತ್ತಾಗುತ್ತದೆ. ಹಳ್ಳಿಯಲ್ಲಿ ಪಂಚಾಯಿತಿಗೊಬ್ಬರು ಇದ್ದರೆ, ಅರವತ್ತು ವಾರ್ಡುಗಳ ಈ ಊರಿನಲ್ಲಿ ಬೆರಳೆಣಿಕೆಯವರು. ಮೊದಲು ಈ ಕೆಲಸದ ಒಂದು ಪಾಲನ್ನು ವಾರ್ಡಿನ ಕಾರ್ಪೊರೇಟರು ಫೋನಿನಲ್ಲೇ ಮಾಡುತ್ತಿದ್ದರು. ರೇಷನ್ ಕಾರ್ಡಿನಿಂದ ಆಂಬುಲೆನ್ಸಿನವರೆಗೆ ಎಲ್ಲದಕ್ಕೂ ಅವರ ನಂಬರು. 2025ರ ಫೆಬ್ರುವರಿಯಲ್ಲಿ ಪರಿಷತ್ತಿನ ಅವಧಿ ಮುಗಿದು ಆಡಳಿತಾಧಿಕಾರಿ ಬಂದ ಮೇಲೆ, ಕರೆ ಮಾಡುವುದು ಯಾರಿಗೆ ಎಂಬ ಗೊಂದಲ ಹಿರಿಯರಿಗೇ ಹೆಚ್ಚಾಯಿತು.

ಕಳೆದ ಮಳೆಗಾಲದಲ್ಲಿ ಅಂಥ ಕಾರ್ಯಕರ್ತನೊಬ್ಬ ನಮ್ಮ ರಸ್ತೆಗೆ ಬಂದ. ಅಕ್ಕಪಕ್ಕ ಚಕ್ರ ಕೂರಿಸಿದ ಸ್ಕೂಟರು, ಬಲಗಾಲಿಗೆ ಕ್ಯಾಲಿಪರ್. ದೊಡ್ಡಮ್ಮನ ಕಿವಿ ಪೂರ್ತಿ ಮಂದವಾಗಿದೆ, ಶ್ರವಣ ಸಾಧನಕ್ಕೆ ಅರ್ಜಿ ಹಾಕಿಸಬಹುದೇ ಎಂದು ನಾನೇ ಕೇಳಿದ್ದೆ. ಸ್ಕೂಟರು ನಿಲ್ಲಿಸಿ ಆತ ಮೆಟ್ಟಿಲ ತುದಿಗೆ ಬಂದು ಕೆಳಗೆ ನೋಡಿದ. ಪಾಚಿಯ ಮೇಲೆ ನೀರು ಹರಿಯುತ್ತಿತ್ತು. ಕೆಳಗೆ ಜಗಲಿಯಲ್ಲಿ ದೊಡ್ಡಮ್ಮ ಹಣೆಗೆ ಕೈಯಿಟ್ಟು ಮೇಲೆ ನೋಡುತ್ತಿದ್ದರು. ಆತನಿಗೆ ಇಳಿಯಲಾಗದು, ಅವರಿಗೆ ಹತ್ತಲಾಗದು, ಕೂಗಿ ಹೇಳಿದರೆ ಅವರಿಗೆ ಕೇಳದು.

ಆತ ಬ್ಯಾಗಿನಿಂದ ಅರ್ಜಿ ತೆಗೆದು ಪ್ಲಾಸ್ಟಿಕ್ ಕವರಿಗೆ ಹಾಕಿ ನನ್ನ ಕೈಗೆ ಕೊಟ್ಟ. ‘ಆಧಾರಿನ ಜೆರಾಕ್ಸು, ಎರಡು ಫೋಟೊ, ಇಲ್ಲಿ ಹೆಬ್ಬೆಟ್ಟು. ನಾನು ಇಲ್ಲೇ ಇರ‍್ತೇನೆ ಸರ್, ನೀವು ಮೆಲ್ಲ ಇಳೀರಿ, ಜಾರ‍್ತದೆ’ ಎಂದ. ನಾನು ಇಳಿದೆ.